ಕರುಳಿನ ಮೂಲಕಣಗಳು

ಹಸಿವಾದಾಗಲೋ ನೋವಾದಾಗಲೋ ಅಲ್ಲದೆ ನಾವು ಕರುಳನ್ನು ನೆನೆಯುವುದು ಅಪರೂಪ. ಅಲ್ಲಿಯಾದರೋ ದುರಸ್ತಿಯ ಕಾರ್ಯಕ್ಕೆ ಬಿಡುವೇ ಇಲ್ಲ. ಸಣ್ಣ ಕರುಳಿನ ಒಳಪೊರೆಯ ಜೀವಕಣಗಳಲ್ಲಿ ಬಹುಪಾಲು ನಾಲ್ಕೈದು ದಿನಗಳಲ್ಲಿ ಉದುರಿ, ಹೊಸವು ಆ ಸ್ಥಾನವನ್ನು ತುಂಬುತ್ತವೆ.

ಈ ಹೊಸ ಕಣಗಳ ತವರು ಯಾವುದು? ನೆದರ್ಲೆಂಡ್ಸ್ ದೇಶದ ಉಟ್ರೆಕ್ಟ್ ನಗರದಲ್ಲಿ ಹಾನ್ಸ್ ಕ್ಲೆವರ್ಸ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಇಲಿಗಳ ಕರುಳನ್ನು ಪರೀಕ್ಷಿಸಿ 2007ರಲ್ಲಿ ಇದಕ್ಕೆ ಉತ್ತರವಿತ್ತರು. ಒಳಪೊರೆಯ ಪುಟ್ಟ ಕುಳಿಗಳ ತಳದಲ್ಲಿ ಕೆಲವೇ ಮೂಲಕಣಗಳಿವೆ. ‘ಎಲ್‌ಜಿಆರ್5’ ಎಂಬ ಜೀನೇ ಅವುಗಳ ಗುರುತು. 2009ರಲ್ಲಿ ಅಂತಹ ಒಂದೇ ಕಣದಿಂದ ಪ್ರಯೋಗಶಾಲೆಯಲ್ಲಿ ಕಿರುಗರುಳೊಂದನ್ನು ಬೆಳೆಸಿದರು.

ಆದರೆ ಪೊರೆಯುವ ಕಣವೇ ಮಾರಿಯೂ ಆಗಬಲ್ಲುದು. ‘ಎಪಿಸಿ’ ಎಂಬ ಜೀನು ಕಣಗಳ ವೃದ್ಧಿಗೆ ಕಡಿವಾಣ. ಅದು ಮೂಲಕಣದಲ್ಲಿ ನಷ್ಟವಾದರೆ ಗಡ್ಡೆ ಬೆಳೆಯುವುದೆಂದೂ, ಅಲ್ಪಾಯುಗಳಾದ ಇತರ ಕಣಗಳಲ್ಲಿ ನಷ್ಟವಾದರೆ ದೊಡ್ಡ ಗಡ್ಡೆಯಾಗುವುದು ಬಲು ವಿರಳವೆಂದೂ ಅದೇ ವರ್ಷ ಇಲಿಗಳಲ್ಲಿ ಕಂಡುಬಂದಿತು.

ಇದರಿಂದ ರೋಗಿಗೇನು ಲಾಭ? ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ವ್ಯಾಧಿಯಲ್ಲಿ ಕಣಗಳು ಲವಣವನ್ನೂ ನೀರನ್ನೂ ಸರಿಯಾಗಿ ಹೊರಬಿಡಲಾರವು. ರೋಗಿಯ ಗುದನಾಳದಿಂದ ತೆಗೆದ ಚೂರಿನಿಂದ ಕಿರುಗರುಳನ್ನು ಬೆಳೆಸಿ ಮದ್ದು ಹಾಕಿದರೆ, ಮದ್ದು ಫಲಿಸಿದಾಗ ಅದು ನೀರು ತುಂಬಿ ಉಬ್ಬುತ್ತದೆ. ಈ ಪರೀಕ್ಷೆಯು 2013ರಲ್ಲಿ ಪ್ರಕಟವಾಯಿತು. ವಿರಳವಾದ ಜೀನುದೋಷವುಳ್ಳವರಿಗೆ ಇದು ದೊಡ್ಡ ಆಸರೆ. ಅಂತಹವರು ಕೆಲವರೇ ಆದ್ದರಿಂದ, ಅವರನ್ನು ನೂರಾರು ಸಂಖ್ಯೆಯಲ್ಲಿ ಕೂಡಿಸಿ ಮದ್ದನ್ನು ಒರೆಹಚ್ಚುವುದು ಸಾಧ್ಯವಿಲ್ಲ.

ಸ್ವಾಸ್ಥ್ಯಕ್ಕೂ ವ್ಯಾಧಿಗೂ ಮೂಲ ಒಂದೇ. ಆ ಮೂಲವನ್ನು ಅರಿತುದರಿಂದಲೇ, ರೋಗಿಯ ಮೈಗೆ ತಾಗಿಸುವ ಮೊದಲು ಮದ್ದಿನ ಗುಣವನ್ನು ತಿಳಿಯುವ ದಾರಿ ತೆರೆಯಿತು.