ಸಹಿಗೆ ಮೊದಲು ನಡವಳಿ ಓದಿಸಿ



ಗ್ರಾಮ ಪಂಚಾಯಿತಿ ಸದಸ್ಯರ ಈ ಜಿಲ್ಲಾ ಸಮ್ಮೇಳನದಲ್ಲಿ ಅನುದಾನ, ನರೇಗಾ ಬಾಕಿ, ಗೌರವಧನ ಇವುಗಳ ಬಗ್ಗೆ ನಾನು ಗುಡುಗುತ್ತೇನೆ ಎಂದು ಕೆಲವರು ಕಾದು ಕೂತಿರಬಹುದು. ಆ ಕೆಲಸವನ್ನು ಮಧ್ಯಾಹ್ನದ ಗೋಷ್ಠಿಯವರು ನನಗಿಂತ ಚೆನ್ನಾಗಿ ಮಾಡುತ್ತಾರೆ. ನಾನು ಎತ್ತಿಕೊಂಡಿರುವುದು ಸಪ್ಪೆ ವಿಷಯ: ನಮ್ಮ ಸಾಮಾನ್ಯ ಸಭೆಯನ್ನು ನಡೆಸುವ ಬಗೆ. ಸಪ್ಪೆಯೆಂದು ನಾವು ಪಕ್ಕಕ್ಕೆ ಸರಿಸಿದ್ದರಿಂದಲೇ ಅದು ಬೇರೆಯವರ ಕೈಗೆ ಹೋಯಿತು ಎಂಬುದು ನನ್ನ ದೂರು.

ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬರ ಕಾಲದ 1983ರ ಪಂಚಾಯಿತಿ ಕಾಯ್ದೆ ಮಹಿಳೆಯರಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನ ಕೊಟ್ಟಿತು. 1987ರಲ್ಲಿ ಚುನಾವಣೆ ನಡೆದಾಗ ಇದೇನು ಹುಚ್ಚು ಎಂದವರಿದ್ದರು. ಆಮೇಲೆ 1993ರ ಪಂಚಾಯತ್ ರಾಜ್ ಕಾಯ್ದೆ ಬಂತು, 2010ರ ತಿದ್ದುಪಡಿಯಿಂದ ಮೀಸಲು ಅರ್ಧಕ್ಕೇರಿತು. ಕುರ್ಚಿಯೇನೋ ಸಿಕ್ಕಿತು. ಆದರೆ ಆ ಕುರ್ಚಿಯಲ್ಲಿ ಕೂತವಳ ಮಾತು ಲೆಕ್ಕಕ್ಕೆ ಬರಬೇಕಾದರೆ ಮೀಸಲಾತಿಯೊಂದೇ ಸಾಲದು, ಸಭೆಯ ನಿಯಮ ಬೇಕು. ಬಲವಿದ್ದವನಿಗೆ ನಿಯಮದ ಹಂಗಿಲ್ಲ, ಅವನ ಕೆಲಸ ಫೋನಿನಲ್ಲೇ ಆಗುತ್ತದೆ. ನಿಯಮ ಬೇಕಾಗಿರುವುದು ಹಿಂದಿನ ಸಾಲಿನ ಸದಸ್ಯೆಗೆ.

ನೋಟಿಸಿನಿಂದ ಶುರು ಮಾಡೋಣ. ಸಾಮಾನ್ಯ ಸಭೆಗೆ ಪೂರ್ತಿ ಏಳು ದಿನ, ವಿಶೇಷ ಸಭೆಗೆ ಮೂರು ದಿನ ಮೊದಲು ನೋಟಿಸು ಕೊಡಬೇಕು. ಸ್ಥಳ, ದಿನ, ಹೊತ್ತಿನ ಜೊತೆ ಯಾವ ವಿಷಯ ಚರ್ಚೆಗೆ ಬರುತ್ತದೆ ಎಂಬುದೂ ಅದರಲ್ಲಿರಬೇಕು. ನಡೆಯುವುದೇನು? ಹಿಂದಿನ ರಾತ್ರಿ ವಾಟ್ಸಾಪ್ ಗುಂಪಿನಲ್ಲಿ ‘ನಾಳೆ 11ಕ್ಕೆ ಮೀಟಿಂಗ್, ತಪ್ಪದೆ ಬನ್ನಿ’ ಎಂದು ಒಂದು ಸಾಲು ಬೀಳುತ್ತದೆ. ಕೂಲಿಗೆ ಒಪ್ಪಿಕೊಂಡ ಸದಸ್ಯೆ ಕೂಲಿ ಬಿಡಬೇಕು, ಇಲ್ಲವೇ ಸಭೆ ಬಿಡಬೇಕು. ಬಂದರೂ ವಿಷಯವೇನೆಂದು ಗೊತ್ತಿಲ್ಲ. ತನ್ನ ವಾರ್ಡಿನ ಚರಂಡಿಯ ಕಾಗದ ಹುಡುಕಿ ತರುವಷ್ಟು ಸಮಯವೂ ಅವಳಿಗೆ ಸಿಕ್ಕಿಲ್ಲ. ತಲೆ ಅಲ್ಲಾಡಿಸದೆ ಇನ್ನೇನು ಮಾಡಿಯಾಳು?

ಕಾರ್ಯಸೂಚಿ ಬಂದಾಗಲೂ ಒಂದು ಕಿಟಕಿ ತೆರೆದೇ ಇರುತ್ತದೆ. ಕೊನೆಯ ಸಾಲು ನೋಡಿ: ‘ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು’. ತುರ್ತು ಬಂದರೆ ಇರಲಿ ಎಂದು ಇಟ್ಟ ಸಾಲು ಇದು, ಬೋರ್‌ವೆಲ್ ಮೋಟರು ಸುಟ್ಟುಹೋದರೆ ಏಳು ದಿನ ಕಾಯುವುದಕ್ಕಾಗುವುದಿಲ್ಲ, ಒಪ್ಪುತ್ತೇನೆ. ಆದರೆ ಮಳಿಗೆ ಹರಾಜು, ಲೇಔಟಿನ ಕಡತ, ದೊಡ್ಡ ಮೊತ್ತದ ಬಿಲ್ಲು ಇವೆಲ್ಲ ಊಟದ ಹೊತ್ತಾಗಿ ಜನ ಏಳುತ್ತಿರುವಾಗ ಈ ಕಿಟಕಿಯಿಂದಲೇ ಒಳಗೆ ಬರುತ್ತವೆ. ‘ಇದು ತುರ್ತು ಹೇಗೆ? ಮುಂದಿನ ಸಭೆಯ ಕಾರ್ಯಸೂಚಿಗೆ ಹಾಕಿ’ ಎಂದು ಒಬ್ಬರು ಕೇಳಿದರೆ ಸಾಕು, ಅರ್ಧ ಕಡತಗಳು ತಾವಾಗಿಯೇ ಕಪಾಟಿಗೆ ಹಿಂತಿರುಗುತ್ತವೆ.

ಕೋರಂ ಒಟ್ಟು ಸದಸ್ಯರ ಅರ್ಧ, ಅದು ಎಲ್ಲರಿಗೂ ಗೊತ್ತು. ಅರ್ಧ ಗಂಟೆ ಕಾದರೂ ಆಗದಿದ್ದರೆ ಸಭೆ ಮುಂದೂಡಬೇಕು. ಬರದವರ ಮನೆಗೆ ಜವಾನನ ಕೈಲಿ ಪುಸ್ತಕ ಕಳಿಸಿ ಸಹಿ ತರಿಸುವುದು ಕೋರಂ ಅಲ್ಲ.

ಪುಸ್ತಕ ಎಂದೆನಲ್ಲ, ನಿಜವಾದ ಮಾತು ಅಲ್ಲಿದೆ. ಒಂದು ನಡವಳಿ ಪುಸ್ತಕವನ್ನು ಬಿಡಿಸಿ ನೋಡಿ. ಮೇಲೆ ದಿನಾಂಕ, ಕೆಳಗೆ ಹಾಜರಾದವರ ಹೆಸರು, ಎದುರಿಗೆ ಸಹಿ, ಕೆಲವೆಡೆ ಹೆಬ್ಬೆಟ್ಟು. ಸಹಿಗಳ ಕೆಳಗೆ ಎರಡು ಮೂರು ಹಾಳೆ ಖಾಲಿ. ಸಭೆ ಮುಗಿದು, ಚಹಾ ಕುಡಿದು ಎಲ್ಲರೂ ಮನೆ ಸೇರಿದ ಮೇಲೆ ಆ ಹಾಳೆಗಳು ತುಂಬುತ್ತವೆ: ವಿಷಯ, ತೀರ್ಮಾನ, ಸೂಚಕರು ಇಂಥವರು, ಅನುಮೋದಕರು ಇಂಥವರು, ‘ಕೂಲಂಕಷವಾಗಿ ಚರ್ಚಿಸಿ ಸರ್ವಾನುಮತದಿಂದ ಅಂಗೀಕರಿಸಲಾಯಿತು’. ಬಂದೆ ಎಂದು ಹಾಕಿದ ಸಹಿ ಒಪ್ಪಿದೆ ಎಂಬ ಸಹಿಯಾಗುತ್ತದೆ. ನಾನು ಸದಸ್ಯೆಯಾಗಿದ್ದಾಗ ಒಂದು ಕಾಮಗಾರಿಗೆ ನಾನೇ ಅನುಮೋದಕಳು ಎಂದು ತನಿಖೆಗೆ ಬಂದ ಅಧಿಕಾರಿಯ ಬಾಯಿಂದ ಕೇಳಿ ತಿಳಿದುಕೊಂಡೆ. ಆ ದಿನ ಅಂಥ ವಿಷಯ ಸಭೆಯಲ್ಲಿ ಬಂದೇ ಇರಲಿಲ್ಲ.

ಕಾಯ್ದೆ ಇದಕ್ಕೆ ಜಾಗ ಕೊಟ್ಟಿಲ್ಲ. ಚರ್ಚೆ ಮುಗಿದ ಕೂಡಲೇ ನಡವಳಿ ಬರೆಯಬೇಕು, ಅಧ್ಯಕ್ಷತೆ ವಹಿಸಿದವರು ಅದನ್ನು ಓದಿ ಸಹಿ ಹಾಕಬೇಕು, ಕೈಗೊಂಡ ಕ್ರಮವನ್ನು ಮುಂದಿನ ಸಭೆಗೆ ತಿಳಿಸಬೇಕು. ಪುಸ್ತಕ ಕಚೇರಿಯಲ್ಲೇ ಇರಬೇಕು, ಗುತ್ತಿಗೆದಾರನ ಜೀಪಿನಲ್ಲಿ ಅಲ್ಲ. ಪಂಚತಂತ್ರ ತಂತ್ರಾಂಶ ಬಂದ ಮೇಲೆ ಎಲ್ಲ ಸರಿಹೋಯಿತು ಎನ್ನುತ್ತಾರೆ. ಕಂಪ್ಯೂಟರಿಗೆ ಹೋಗುವುದು ನಾವು ಬರೆಸಿದ್ದೇ. ಬರೆಸಿದ್ದು ಸುಳ್ಳಾದರೆ ಅಚ್ಚುಕಟ್ಟಾಗಿ ಟೈಪಾದ ಸುಳ್ಳು ಸಿಗುತ್ತದೆ, ಅಷ್ಟೆ.

ಅಧ್ಯಕ್ಷ ಸ್ಥಾನದಲ್ಲಿರುವವರಿಗೂ ಒಂದು ಮಾತು. ಮತ ಸಮವಾದಾಗ ನಿರ್ಣಾಯಕ ಮತ ನಿಮ್ಮದು, ಸರಿ. ಅದಕ್ಕೆ ಮುಂಚೆ ಮತಕ್ಕೆ ಹಾಕಬೇಕಲ್ಲ! ‘ಎಲ್ಲರೂ ಒಪ್ಪಿದ್ದಾರೆ’ ಎನ್ನುವ ಬದಲು ಕೈ ಎತ್ತಿಸಿ ಎಣಿಸಿ, ಒಪ್ಪದವರ ಹೆಸರನ್ನೂ ಬರೆಸಿ. ತನಗೆ ಹಣದ ಲಾಭವಿರುವ ವಿಷಯದಲ್ಲಿ ಸದಸ್ಯ ಮತ ಹಾಕುವಂತಿಲ್ಲ. ಮೂರನೇ ಒಂದರಷ್ಟು ಸದಸ್ಯರು ಬರೆದು ಕೇಳಿದರೆ ಹದಿನೈದು ದಿನದೊಳಗೆ ವಿಶೇಷ ಸಭೆ ಕರೆಯಲೇಬೇಕು. ಕರೆಯುವುದು ನಿಮ್ಮ ಔದಾರ್ಯವಲ್ಲ. ಒಮ್ಮೆ ಆದ ಠರಾವನ್ನು ಆರು ತಿಂಗಳೊಳಗೆ ಬದಲಿಸಬೇಕಾದರೆ ಒಟ್ಟು ಸದಸ್ಯರಲ್ಲಿ ಮೂರನೇ ಎರಡರಷ್ಟು ಬೆಂಬಲ ಬೇಕು. ಗಾಳಿ ಬಂದಂತೆ ತೂರುವವರಿಗೆಂದೇ ಇಟ್ಟ ತಡೆ ಇದು.

ಇನ್ನು ಪತಿರಾಯರು. ಅಧ್ಯಕ್ಷೆಯ ಪಕ್ಕದ ಕುರ್ಚಿಯಲ್ಲಿ ಕೂತು, ಅವಳ ಕೈಯ ಕಡತ ತೆಗೆದುಕೊಂಡು, ‘ಮೇಡಂ ಪರವಾಗಿ ನಾನು ಹೇಳ್ತೀನಿ’ ಎನ್ನುವವರನ್ನು ನಾವೆಲ್ಲ ಬಲ್ಲೆವು. ಗೆದ್ದವರು ಅವರಲ್ಲ, ಹಾಜರಾತಿಯಲ್ಲಿ ಅವರ ಹೆಸರಿಲ್ಲ. ಹೊರಗೆ ಬೆಂಚಿದೆ, ಅಲ್ಲಿ ಕೂರಲಿ. ಇದನ್ನು ಹೇಳಬೇಕಾದವರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅಲ್ಲ, ಅವರಿಗೆ ವರ್ಗಾವಣೆಯ ಭಯ. ಹೇಳಬೇಕಾದವರು ಉಳಿದ ಸದಸ್ಯರು.

ನಿಯಮ ಹೆಚ್ಚಾದರೆ ಕೆಲಸ ನಿಂತುಹೋಗುತ್ತದೆ ಎಂಬ ಮಾತು ಈ ಸಭಾಂಗಣದಲ್ಲೇ ನನ್ನ ಕಿವಿಗೆ ಬಿತ್ತು. ನಡವಳಿ ಓದುವುದಕ್ಕೆ ಕಾಲು ಗಂಟೆ ಬೇಕಾದೀತು. ಸುಳ್ಳು ಠರಾವಿನ ಮೇಲೆ ಎದ್ದ ಕಟ್ಟಡದ ತನಿಖೆಗೆ ವರ್ಷಗಳು ಹಿಡಿಯುತ್ತವೆ, ಅಷ್ಟು ದಿನವೂ ಅಂಗನವಾಡಿ ಮಕ್ಕಳು ಜಗುಲಿಯಲ್ಲಿ ಕೂರುತ್ತಾರೆ.

ಸಂಜೆ ಈ ಸಮ್ಮೇಳನದ ನಿರ್ಣಯಗಳು ಮಂಡನೆಯಾಗುತ್ತವೆ. ಚಪ್ಪಾಳೆಗೆ ಮೊದಲು ಪೂರ್ತಿ ಓದಿಸಿ ಕೇಳಿ, ಒಪ್ಪದಿದ್ದರೆ ಕೈ ಎತ್ತಿ. ಊರಿಗೆ ಹೋದ ಮೇಲೆ ಮುಂದಿನ ಸಾಮಾನ್ಯ ಸಭೆಯಲ್ಲಿ ಹೋದ ಸಲದ ನಡವಳಿ ಓದಲು ಹೇಳಿ. ಸಹಿಯ ಕೆಳಗೆ ಖಾಲಿ ಹಾಳೆ ಬಿಟ್ಟಿದ್ದರೆ ಅಡ್ಡಗೆರೆ ಎಳೆಸದೆ ಎದ್ದು ಬರಬೇಡಿ.