ಔಷಧಿ ಹೊಡೆಯುವವರ ಉಸಿರಿಗೆ ನಾವೇ ಹೊಣೆ

ಹೊಲ ತೋಟಗಳ ಮಡಿಲಲ್ಲಿ ಬೆಳೆದ ತರುಣ ತರುಣಿಯರೇ, ಈ ಮಾತು ನಿಮಗೆ. ರಾಯಚೂರಿನ ಹತ್ತಿ ಹೊಲ, ವಿಜಯಪುರದ ದ್ರಾಕ್ಷಿ ಪಡ, ಬಾಗಲಕೋಟೆಯ ದಾಳಿಂಬೆ ತೋಟ, ಗಂಗಾವತಿಯ ಭತ್ತದ ಗದ್ದೆ, ಎಲ್ಲೇ ಇರಲಿ, ನಾಳೆ ಆ ನೆಲದ ಪಹಣಿಯಲ್ಲಿ ಬರುವುದು ನಿಮ್ಮ ಹೆಸರು. ಅದರ ಜೊತೆಗೇ ಪಹಣಿಯಲ್ಲಿ ಬರೆಯದ ಒಂದು ಹೊಣೆಯೂ ನಿಮ್ಮ ಹೆಗಲೇರುತ್ತದೆ. ನಿಮ್ಮ ಹೊಲಕ್ಕೆ ಕೂಲಿಗೆ ಬಂದವರ ಜೀವದ ಹೊಣೆ ಅದು.

ಔಷಧಿ ಹೊಡೆಯುವ ದಿನ ಬೆಳಿಗ್ಗೆ ಬದುವಿನ ಮೇಲೆ ನಿಂತು ನೋಡಿ. ಡ್ರಮ್ಮಿನಲ್ಲಿ ನೀರು ತುಂಬಿದೆ. ಬಾಟಲಿಯ ಮುಚ್ಚಳವೇ ಅಳತೆ. ಒಬ್ಬ ಹೆಣ್ಣುಮಗಳು ಕೋಲಿನಿಂದ ಕಲಕುತ್ತಾಳೆ. ಕೋಲು ಸಿಗದಿದ್ದರೆ ಬರಿಗೈಯಲ್ಲೇ. ಹದಿನಾರು ಲೀಟರಿನ ಪಂಪು ಕೂಲಿಯಾಳಿನ ಬೆನ್ನೇರುತ್ತದೆ. ಅದರ ವಾಷರ್ ಸವೆದಿದೆ. ಹೆಜ್ಜೆ ಹೆಜ್ಜೆಗೂ ತುಳುಕಿ ಅಂಗಿ ಬೆನ್ನಿಗೆ ಅಂಟುತ್ತದೆ. ನಾಜಲ್ ಕಟ್ಟಿಕೊಂಡರೆ ಬಾಯಲ್ಲಿ ಊದಿ ಬಿಡಿಸುತ್ತಾನೆ. ಮೂಗಿಗೆ ಟವೆಲ್ಲು, ಕಾಲಿಗೆ ಏನೂ ಇಲ್ಲ. ಮಧ್ಯಾಹ್ನ ಅದೇ ಕೈಯಲ್ಲಿ ರೊಟ್ಟಿ ಮುರಿಯುತ್ತಾನೆ.

ಇದನ್ನು ನಾವು ಎಷ್ಟು ವರ್ಷದಿಂದ ನೋಡುತ್ತಿದ್ದೇವೆ? ನೋಡಿಯೂ ಎಷ್ಟು ವರ್ಷ ಸುಮ್ಮನಿದ್ದೇವೆ?

ಸಿಂಪಡಿಸುವವರ ಮೈಗೆ ವಿಷ ಸೇರುವ ದೊಡ್ಡ ದಾರಿ ಚರ್ಮ. ಆರ್ಗನೊಫಾಸ್ಫರಸ್ ಗುಂಪಿನ ಕೀಟನಾಶಕ ಒಳಹೊಕ್ಕರೆ ನರಗಳನ್ನು ಹತೋಟಿಯಲ್ಲಿಡುವ ಕಿಣ್ವವೇ ಕೆಲಸ ನಿಲ್ಲಿಸುತ್ತದೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಬಾಯಲ್ಲಿ ಜೊಲ್ಲು ತುಂಬುತ್ತದೆ, ಮೈ ಬೆವರಿ ತೊಯ್ಯುತ್ತದೆ, ವಾಂತಿಯಾಗುತ್ತದೆ, ಮಾಂಸಖಂಡಗಳು ಅದುರುತ್ತವೆ, ಕೊನೆಗೆ ಉಸಿರೇ ಕಟ್ಟುತ್ತದೆ. ಹೊಲದಲ್ಲಿ ಇದನ್ನು ಕಂಡವರು ಬಿಸಿಲು ಬಡಿದಿದೆ ಎಂದುಕೊಂಡು, ಮಜ್ಜಿಗೆ ಕುಡಿಸಿ ಮರದ ನೆರಳಲ್ಲಿ ಮಲಗಿಸಿಬಿಡುತ್ತಾರೆ. ಅಟ್ರೋಪಿನ್ ಎಂಬ ಚುಚ್ಚುಮದ್ದು ಹೊತ್ತಿಗೆ ಸರಿಯಾಗಿ ಸಿಕ್ಕರೆ ಉಳಿಯಬಹುದಾದ ಜೀವ ಅದು.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಏನಾಯಿತು, ನೆನಪಿಸಿಕೊಳ್ಳಿ. ಆ ವರ್ಷ ಹತ್ತಿ ಗಿಡಗಳು ಆಳೆತ್ತರ ಬೆಳೆದಿದ್ದವು. ಪಂಪಿನ ಕೋಲನ್ನು ತಲೆಯ ಮೇಲೆತ್ತಿ ಹೊಡೆಯಬೇಕಿತ್ತು; ಹೊಡೆದದ್ದು ಮುಖದ ಮೇಲೇ ಇಳಿಯುತ್ತಿತ್ತು. ನೂರಾರು ಜನ ಆಸ್ಪತ್ರೆ ಸೇರಿದರು. ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಆಗ ಹಲವರ ಬಾಯಲ್ಲಿ ಬಂದ ಮಾತು, ಅವರೇಕೆ ಮಾಸ್ಕ್ ಹಾಕಿಕೊಳ್ಳಲಿಲ್ಲ ಎಂಬುದು. ಮಾಸ್ಕ್ ಕೊಡಬೇಕಾದವರು ಯಾರು? ಆ ದಿನದ ಕೂಲಿಯನ್ನೇ ನಂಬಿದವರು ಕೈಗವಸು ಕೇಳಿ ಕೆಲಸ ಕಳೆದುಕೊಳ್ಳಲು ಸಾಧ್ಯವೇ? ಕೇಳುವ ಶಕ್ತಿ ಅವರಿಗಿಲ್ಲ. ಕೊಡುವ ಶಕ್ತಿ ನಮಗಿದೆ.

ಕಾನೂನು ಇಲ್ಲವೇ ಎಂದು ನೀವು ಕೇಳಬಹುದು. ಇದೆ. 1968ರ ಕೀಟನಾಶಕ ಕಾಯ್ದೆ ಇದೆ, 1971ರ ನಿಯಮಗಳಿವೆ. ವಿಷದ ಕೆಲಸ ಮಾಡುವವರಿಗೆ ವೈದ್ಯಕೀಯ ತಪಾಸಣೆ, ರಕ್ಷಣಾ ಉಡುಪು, ಪ್ರಥಮ ಚಿಕಿತ್ಸೆ, ತರಬೇತಿ, ಎಲ್ಲವನ್ನೂ ಆ ನಿಯಮಗಳು ಹೇಳುತ್ತವೆ. ಆದರೆ ಅದೇ ಕಾಯ್ದೆಯ 38ನೇ ಕಲಮು ಓದಿ. ತಾನು ಸಾಗುವಳಿ ಮಾಡುವ ಜಮೀನಿನಲ್ಲಿ ಒಬ್ಬ ಬಳಸುವ ಕೀಟನಾಶಕಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ! ಅಂದರೆ ಕಾನೂನು ಬದುವಿನ ತನಕ ಬಂದು ನಿಂತುಬಿಟ್ಟಿದೆ. ಅದು ಬದಲಾಗಲಿ ಎಂದು ಒತ್ತಾಯಿಸೋಣ. ಬದಲಾಗುವ ತನಕ ಕಾಯಬೇಕೇ? ಬದುವಿನಿಂದ ಆಚೆಗೆ ನಾವು ನಡೆಯೋಣ.

ನಡೆದವರು ನಮ್ಮಲ್ಲೇ ಇದ್ದಾರೆ. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಕೇರಳ ಸರ್ಕಾರದ್ದೇ ನಿಗಮ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಯ ಮನೆಗಳೂ ಆ ವಿಷವನ್ನು ಉಂಡವು. ಅಂಥ ದೊಡ್ಡ ಯಜಮಾನನ ಎದುರು ಎದ್ದವರು ಯಾರು? ಕನ್ನಡದ ಪತ್ರಕರ್ತ ಶ್ರೀ ಪಡ್ರೆ ಬರೆದರು. ಹಳ್ಳಿಯ ವೈದ್ಯ ಮೋಹನ್ ಕುಮಾರ್ ತಮ್ಮಲ್ಲಿಗೆ ಬಂದ ರೋಗಿಗಳನ್ನು ಕಂಡು ದನಿ ಎತ್ತಿದರು. ಕೃಷಿ ಇಲಾಖೆಯಲ್ಲಿ ಸಣ್ಣ ಹುದ್ದೆಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿ ಆ ಸಿಂಪರಣೆಗೆ ತಡೆ ತಂದರು. 2011ರಲ್ಲಿ ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಎಂಡೋಸಲ್ಫಾನನ್ನು ನಿಲ್ಲಿಸಿತು. 2017ರಲ್ಲಿ, ನೊಂದವರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಿ ಎಂದು ಕೇರಳ ಸರ್ಕಾರಕ್ಕೆ ಹೇಳಿತು. ಎದುರು ನಿಂತ ಆ ಮೂವರ ಕೈಯಲ್ಲಿ ಅಧಿಕಾರವಿರಲಿಲ್ಲ. ಎದೆಯಿತ್ತು.

ನಿಮ್ಮ ಕೈಯಲ್ಲಿ ಎಷ್ಟೆಲ್ಲ ಇದೆ! ನಿಮಗೆ ಓದು ಬರುತ್ತದೆ. ಡಬ್ಬಿಯ ಜೊತೆ ಬರುವ ಚೀಟಿಯ ಇರುವೆಯಂಥ ಅಕ್ಷರಗಳನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ, ಆಳುಗಳೆಲ್ಲರ ಮುಂದೆ ಗಟ್ಟಿಯಾಗಿ ಓದಿ. ಡಬ್ಬಿಯ ಮೇಲಿನ ಬಣ್ಣದ ಗುರುತು ತೋರಿಸಿ: ಕೆಂಪು ಎಲ್ಲಕ್ಕಿಂತ ಘೋರ, ಆಮೇಲೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. ಕೆಂಪು ಗುರುತಿನದನ್ನು ಮನೆಗೇ ತರಬೇಡಿ ಎಂದು ಅಪ್ಪನ ಹತ್ತಿರ ಜಗಳವಾಡಿ. ಕಳೆ ಕೀಳಲು ಬರುವ ಹೆಣ್ಣುಮಕ್ಕಳಿಗೆ, ನಿನ್ನೆ ಯಾವ ಸಾಲಿಗೆ ಹೊಡೆದಿದೆ, ಎಷ್ಟು ದಿನ ಅಲ್ಲಿ ಕಾಲಿಡಬಾರದು ಎಂದು ಮೊದಲೇ ತಿಳಿಸಿ. ಬಸುರಿಯರನ್ನು, ಹಾಲೂಡಿಸುವ ತಾಯಂದಿರನ್ನು, ಮಕ್ಕಳನ್ನು ಈ ಕೆಲಸದ ಹತ್ತಿರವೂ ಸುಳಿಯಗೊಡಬೇಡಿ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಪಂಪಿಗೆ ಇಷ್ಟು ಎಂದು ಲೆಕ್ಕ ಹಾಕಿ ಕೂಲಿ ಕೊಡುವುದನ್ನು ನಿಲ್ಲಿಸಿ. ಹಾಗೆ ಕೊಡುವಲ್ಲಿ ಕೈ ತೊಳೆಯಲು ಕಳೆದ ಹೊತ್ತೂ ಕೂಲಿಯ ನಷ್ಟವೇ. ಗಾಳಿ ಎದುರಾದರೂ ಪಂಪು ಹೊತ್ತವ ನಿಲ್ಲುವುದಿಲ್ಲ, ತಲೆ ಸುತ್ತಿದರೂ ಕೂರುವುದಿಲ್ಲ. ದಿನಗೂಲಿ ಕೊಡಿ. ಕೈಗವಸು, ಬೂಟು, ಮಾಸ್ಕ್, ಕನ್ನಡಕ, ಉದ್ದ ತೋಳಿನ ಅಂಗಿ ಕೊಡಿ; ಅವುಗಳ ದುಡ್ಡನ್ನು ಕೂಲಿಯಲ್ಲಿ ಮುರಿಯಬೇಡಿ. ಸೋಪು, ನೀರು, ಮೈ ತೊಳೆದುಕೊಳ್ಳಲು ಮರೆ, ಇವೂ ಗೊಬ್ಬರ ಬೀಜದಂತೆ ಬೇಸಾಯದ ಖರ್ಚೇ. ಹೊಲದಲ್ಲಿ ಒಬ್ಬ ಕುಸಿದರೆ 108ಕ್ಕೆ ಫೋನ್ ಮಾಡುವವರು ನೀವು, ಡಬ್ಬಿ ಹಿಡಿದು ಆಸ್ಪತ್ರೆಗೆ ಜೊತೆಗೆ ಹೋಗುವವರು ನೀವು, ಖರ್ಚು ಕಟ್ಟುವವರು ನೀವು, ಮಲಗಿದಷ್ಟು ದಿನದ ಕೂಲಿ ಮನೆಗೆ ಮುಟ್ಟಿಸುವವರೂ ನೀವು.

ಎರಡೆಕರೆಯವರು ಎಲ್ಲಿಂದ ತರಬೇಕು ಎನ್ನುತ್ತೀರಿ. ನಿಜ, ಎಷ್ಟೋ ಕಡೆ ಪಂಪು ಹೊರುವವರೂ ಅವರೇ. ಹಾಗಾದರೆ ಹತ್ತು ಮನೆ ಕೂಡಿ ಎರಡು ಜೊತೆ ಉಡುಪು ಕೊಳ್ಳಿ, ಸೋರುವ ಪಂಪುಗಳನ್ನು ಒಟ್ಟಿಗೆ ರಿಪೇರಿ ಮಾಡಿಸಿ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ತರಬೇತಿ ಕೇಳಿ. ಧಾರವಾಡ, ರಾಯಚೂರು, ಶಿವಮೊಗ್ಗ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿರುವವರೇ, ರಜೆಗೆ ಊರಿಗೆ ಬಂದಾಗ ಈ ಕೆಲಸ ನಿಮ್ಮದು. ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಟ್ರೋಪಿನ್ ದಾಸ್ತಾನು ಇದೆಯೇ ಎಂದು ಈ ವಾರವೇ ಹೋಗಿ ಕೇಳಿ. ಇಲ್ಲವೆಂದರೆ ಅರ್ಜಿ ಬರೆದುಕೊಡಿ, ಗ್ರಾಮಸಭೆಯಲ್ಲಿ ಎದ್ದು ನಿಂತು ಮತ್ತೆ ಕೇಳಿ. ಒಬ್ಬರು ಕೇಳಿದರೆ ನಾಳೆ ಬಾ ಎನ್ನುತ್ತಾರೆ. ಊರಿನ ಹುಡುಗ ಹುಡುಗಿಯರೆಲ್ಲ ಒಟ್ಟಾಗಿ ಕೇಳಿದರೆ?

ಈ ಹಂಗಾಮಿನ ಮೊದಲ ಸಿಂಪರಣೆಗೆ ಇನ್ನೂ ಸಮಯವಿದೆ. ಏಳಿ, ಹೊರಡೋಣ.