ನಿಮ್ಮ ಬೆನ್ನು, ಶಾಸಕರ ನಿಯಮ

ಅಮೆರಿಕದಲ್ಲಿ ಬೆನ್ನುಮೂಳೆ ಒತ್ತಿ ಚಿಕಿತ್ಸೆ ಕೊಡೋ ಕೈರೋಪ್ರಾಕ್ಟರ್‌ಗಳಿಗೆ ಲೈಸೆನ್ಸ್ ಕೊಡೋದು ಕೇಂದ್ರ ಸರ್ಕಾರ ಅಲ್ಲ, ಆಯಾ ರಾಜ್ಯ. ಕಾನ್ಸಾಸ್ 1913ರಲ್ಲೇ ಕಾನೂನು ಮಾಡಿತು. ಕೊನೆಯದು ಲೂಸಿಯಾನ, 1974ರಲ್ಲಿ. ಕ್ಯಾಲಿಫೋರ್ನಿಯಾದಲ್ಲಂತೂ 1922ರಲ್ಲಿ ಮತದಾರರೇ ನೇರವಾಗಿ ವೋಟು ಹಾಕಿ ತಂದರು.

ಹಾಗಾಗಿ ರಾಜ್ಯ ಚುನಾವಣೆ ಬಂತು ಅಂದ್ರೆ ಇವರ ಸಂಘಗಳಿಗೆ ನಿದ್ದೆ ಇರಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಕೆಳಮನೆ ಸದಸ್ಯರ ಅವಧಿ ಬರೀ 2 ವರ್ಷ. ಆರೋಗ್ಯ ಸಮಿತಿ ಅಧ್ಯಕ್ಷರೇ ಸೋತರೆ, ಅವರಿಗೆ ತಿಳಿಹೇಳಿದ್ದೆಲ್ಲ ನೀರಲ್ಲಿ ಹೋಮ. ಪಾಸಾಗದ ಮಸೂದೆಯನ್ನ ಹೊಸ ಸದನದಲ್ಲಿ ಮತ್ತೆ ಮೊದಲಿಂದ ತರಬೇಕು. ಅಷ್ಟರಲ್ಲಿ ವೈದ್ಯರ ಸಂಘವೂ ಅದೇ ಹೊಸ ಶಾಸಕರ ಬಾಗಿಲಲ್ಲಿ ನಿಂತಿರುತ್ತೆ.

ನಾನು ಹೇಳೋದಿಷ್ಟೇ: ನಿಮ್ಮ ಕುತ್ತಿಗೆ ಮೇಲೆ ಯಾರು ಕೈ ಇಡಬಹುದು ಅನ್ನೋದನ್ನ ಆ ಸಣ್ಣ ಚುನಾವಣೆ ತೀರ್ಮಾನಿಸುತ್ತೆ. ಅಲ್ಲಿ ವೋಟಿರೋರು ಅಧ್ಯಕ್ಷರ ಹೆಸರಷ್ಟೇ ನೋಡಿ ಬರಬೇಡಿ.